ಪ್ಲೈವುಡ್ಡಿನ ಆಚೆ ಅಣ್ಣ, ಈಚೆ ತಮ್ಮ, ನಡುವೆ ನಾನು

ನಾನು ಕೈಕಟ್ಟಿ ಬಾಯಿಮುಚ್ಚಿ ಕೂತರೂ ಎಡವಟ್ಟುಗಳು ನನ್ನ ವಿಳಾಸ ಕೇಳಿಕೊಂಡು ಮನೆ ಬಾಗಿಲಿಗೆ ಬರುತ್ತವೆ. ಶಾಲೆಯಲ್ಲಿದ್ದಾಗಲೂ ಹಾಗೇ, ಶಾಲೆ ಬಿಟ್ಟ ಮೇಲೂ ಹಾಗೇ. ಬಿಟ್ಟೆ ಅನ್ನುವುದು ಮರ್ಯಾದೆಗೆ ಹೇಳುವ ಮಾತು. ಎಸ್ಸೆಸ್ಸೆಲ್ಸಿಯ ಗಣಿತ ನನ್ನನ್ನು ಮುಂದಕ್ಕೆ ಬಿಡಲಿಲ್ಲ. ಹೆಡ್ ಮೇಷ್ಟ್ರು ಒಳಕ್ಕೆ ಬಿಡಲಿಲ್ಲ. ಅವರ ಕುರ್ಚಿಗೆ ಹಲಸಿನ ಅಂಟು ಹಚ್ಚಿದ್ದು ನಾನೇ ಅಂತ ಅವರಿಗೆ ಹೇಗೋ ಗೊತ್ತಾಗಿತ್ತು. ಹೀಗೆ ಹಿಂದಿನ ಬಾಗಿಲು, ಮುಂದಿನ ಬಾಗಿಲು ಎರಡೂ ಮುಚ್ಚಿದ ಮೇಲೆ ಸೊರಬದಲ್ಲಿ ಬಸ್ ಹತ್ತಿ ಶಿಕಾರಿಪುರದಲ್ಲಿ ಇಳಿದು ಒಂದು ಕಂಪ್ಯೂಟರ್ ಅಂಗಡಿ ಸೇರಿಕೊಂಡೆ. ಅಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಕಂಪ್ಯೂಟರಿನದ್ದಲ್ಲ, ಮಾತು ಹೊರುವುದು. ಆಮೇಲೆ ಒಂದು ಕಂಪ್ಯೂಟರ್ ಬಂದು ಅದೂ ನನ್ನದೇ ಕೆಲಸ ಮಾಡತೊಡಗಿತು. ಆ ಕಥೆಗಳೇ ಇವು.

೧. ಪಾಲು

ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ. ಮೊದಲು ಅದು ಒಂದೇ ಅಂಗಡಿ, ಜವಳಿಯದ್ದು. ಯಜಮಾನರು ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳು ಪಾಲು ಮಾಡಿಕೊಂಡರು. ಮೇಜು, ಬೆಂಚು, ಫ್ಯಾನು ತಮ್ಮನಿಗೆ. ಅಪ್ಪನ ಕಾಲದ ಟೆಲಿಫೋನು ಅಣ್ಣನಿಗೆ. ಬೆಂಚು ಸಿಕ್ಕವನಿಗೆ ಫೋನು ಬೇಕಿತ್ತು, ಫೋನು ಸಿಕ್ಕವನಿಗೆ ಕೂರೋಕೆ ಬೆಂಚಿರಲಿಲ್ಲ. ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತು, ನಡುವೆ ಒಂದು ಪ್ಲೈವುಡ್ ಗೋಡೆ ಎದ್ದಿತು. ಆ ಕಡೆ ಅಣ್ಣ ಎಸ್‌ಟಿಡಿ ಬೂತ್ ಇಟ್ಟರು. ಈ ಕಡೆ ತಮ್ಮ ಟೈಪಿಂಗ್ ಕ್ಲಾಸ್ ಇಟ್ಟು, ಆಮೇಲೆ ಟೈಪ್‌ರೈಟರ್ ಸರಿಸಿ ಕಂಪ್ಯೂಟರ್ ಕೂರಿಸಿದರು. ಅಪ್ಪನ ಫೋಟೋ ಯಾರ ಕಡೆ ಅಂತ ತೀರ್ಮಾನವಾಗದೆ ಅದನ್ನು ಗೋಡೆಯ ತುದಿಗೆ, ರಸ್ತೆಗೆ ಮುಖ ಮಾಡಿ ಹೊಡೆದಿದ್ದರು. ಪಾಪ, ಯಜಮಾನರು ದಿನವಿಡೀ ಬಸ್ಸು ನೋಡುತ್ತಾ ಇದ್ದರು.

ನಾನು ಅವರನ್ನು ದೊಡ್ಡಣ್ಣ, ಸಣ್ಣಣ್ಣ ಅಂತ ಕರೆಯುವುದು. ಇಬ್ಬರೂ ಮಾತಾಡುವುದಿದ್ದರೆ ನನ್ನ ಮೂಲಕವೇ.

"ಲೇ, ಹೇಳು ಅವನಿಗೆ, ಬೀದಿ ನಲ್ಲಿಗೆ ನೀರು ಬಂದೈತಿ," ಅನ್ನುವರು ದೊಡ್ಡಣ್ಣ.

ಪ್ಲೈವುಡ್ಡಿಗೆ ದಪ್ಪ ಎಷ್ಟಿರುತ್ತದೆ? ಸಣ್ಣಣ್ಣ ಆಗಲೇ ಕೊಡ ಎತ್ತಿಕೊಂಡು ನಿಂತಿರುತ್ತಿದ್ದರು. ಆದರೂ ನಾನು ಮೆಟ್ಟಿಲಿಳಿದು, ಸುತ್ತಿ ಬಂದು, "ಸಣ್ಣಣ್ಣ, ನೀರು ಬಂತಂತೆ," ಅನ್ನುವವರೆಗೆ ಕದಲುತ್ತಿರಲಿಲ್ಲ. ಹೇಳಿದ ಮೇಲೆ, "ಹೌದಾ?" ಅಂತ ಹುಬ್ಬು ಬೇರೆ ಏರಿಸುವರು!

ಇವರಿಬ್ಬರ ನಡುವೆ ಹುಟ್ಟಿದ ಅಕ್ಕ ಒಬ್ಬರಿದ್ದಾರೆ, ದೊಡ್ಡಣ್ಣನಿಗೆ ತಂಗಿ, ಸಣ್ಣಣ್ಣನಿಗೆ ಅಕ್ಕ. ಸೊರಬಕ್ಕೆ ಕೊಟ್ಟಿದ್ದು, ನಮ್ಮ ಮನೆಯ ಎದುರು ಮನೆ. ನಾಗರ ಪಂಚಮಿ ಹಬ್ಬಕ್ಕೆ ಅಣ್ಣ ತಮ್ಮ ಯಾರಾದರೂ ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಹೋಗುವುದು ನಮ್ಮ ಕಡೆ ಪದ್ಧತಿ. ಗೋಡೆ ಎದ್ದ ವರ್ಷ ದೊಡ್ಡಣ್ಣ ಒಬ್ಬರೇ ಬಂದರು, ಅಕ್ಕ ಹೋಗಲಿಲ್ಲ. ಮಾರನೇ ದಿನ ಸಣ್ಣಣ್ಣ ಒಬ್ಬರೇ ಬಂದರು, ಆಗಲೂ ಹೋಗಲಿಲ್ಲ. "ಇಬ್ಬರೂ ಕೂಡಿ ಬಂದರೆ ಬರ್ತೀನಿ. ಅರ್ಧ ತವರಿಗೆ ನಾನು ಬರೋಳಲ್ಲ," ಅಂದುಬಿಟ್ಟರು. ಅಲ್ಲಿಂದ ಈಚೆಗೆ ಪಂಚಮಿ ಬಂದಾಗೆಲ್ಲ ಅಕ್ಕ ಉಂಡಿ ಕಟ್ಟಿ ಓಣಿಗೆಲ್ಲ ಹಂಚಿ, ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದರು. ಆ ಉಂಡಿ ನನಗೂ ಎರಡು ಸಿಗುತ್ತಿದ್ದವು, ಸಿಹಿ ಮಾತ್ರ ಕಡಿಮೆ ಅನ್ನಿಸುತ್ತಿತ್ತು. ಬೆಲ್ಲ ಸಾಲದೆ ಇರಬಹುದು.

ನನ್ನನ್ನು ಈ ಅಂಗಡಿಗೆ ಸೇರಿಸಿದ್ದೂ ಅಕ್ಕನೇ. "ನಿನ್ನಷ್ಟು ಬಾಯಿ ಇರೋನು ಈ ಸೊರಬದಲ್ಲೇ ಇಲ್ಲ ಮಾರಾಯ. ಹೋಗಿ ಅವರಿಬ್ಬರ ಬಾಯಿ ಬಿಡಿಸು," ಅಂದಿದ್ದರು.

ಹೋಗಿ ನೋಡಿದರೆ ಅವರಿಬ್ಬರಿಗೂ ಬಾಯಿ ಚೆನ್ನಾಗಿಯೇ ಇತ್ತು. ನನ್ನನ್ನು ಬೈಯುವಾಗ ಪ್ಲೈವುಡ್ ನಡುಗುತ್ತಿತ್ತು.

೨. ತೂತು

ಊರಲ್ಲಿ ಆಗ ಈಮೇಲಿನ ಗಾಳಿ ಬೀಸತೊಡಗಿತ್ತು. ಕಾಲೇಜಿನ ಲೆಕ್ಚರರ್‌ಗಳಿಂದ ಹಿಡಿದು ಅಡಿಕೆ ವ್ಯಾಪಾರಿಗಳವರೆಗೆ ಎಲ್ಲರೂ ಬಂದು, "ನಿಮ್ಮಲ್ಲಿ ಈಮೇಲ್ ಐತೇನ್ರೀ?" ಅಂತ ಕೇಳುವರು. ಸಣ್ಣಣ್ಣನ ಹತ್ತಿರ ಕಂಪ್ಯೂಟರ್ ಇತ್ತು, ಫೋನ್ ಇರಲಿಲ್ಲ. ಹೊಸ ಫೋನಿಗೆ ಅರ್ಜಿ ಹಾಕಿದ್ದರು. ಆ ಅರ್ಜಿ ಎಲ್ಲೋ ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು.

ಶಿವಮೊಗ್ಗದಿಂದ ಬಂದ ಕಂಪ್ಯೂಟರ್ ಎಂಜಿನಿಯರು ಒಂದು ದಾರಿ ಹೇಳಿದರು. ದೊಡ್ಡಣ್ಣನ ಬೂತಿನಲ್ಲೂ ಒಂದು ಕಂಪ್ಯೂಟರ್ ಇತ್ತು. ತಮ್ಮ ತಂದ ಅಂತ ತಾವೂ ಒಂದು ತಂದು, ಅದಕ್ಕೆ ಹೂವಿನ ಕಸೂತಿಯ ಬಟ್ಟೆ ಹೊದಿಸಿ, ದಿನಾ ಊದಿನಕಡ್ಡಿ ಬೆಳಗಿ, ಅದರ ಪಕ್ಕದಲ್ಲೇ ಕೂತು ಬಿಲ್ಲನ್ನು ಪೆನ್ನಿನಲ್ಲಿ ಬರೆಯುತ್ತಿದ್ದರು. ಆ ಕಂಪ್ಯೂಟರಿಗೂ ಫೋನಿಗೂ ನಡುವೆ ಮೋಡೆಮ್ ಅನ್ನುವ, ಕಂಪ್ಯೂಟರಿನ ಮಾತನ್ನು ಫೋನಿನ ಸದ್ದು ಮಾಡುವ ಡಬ್ಬಿ ಹಚ್ಚಿ, ಪ್ಲೈವುಡ್ಡಿಗೆ ತೂತು ಹೊಡೆದು ಒಂದು ವೈರ್ ಎಳೆದರೆ ಸಾಕು. ಈ ಕಡೆಯ ಕಂಪ್ಯೂಟರ್ ತನ್ನ ಟಪಾಲನ್ನು ಆ ಕಡೆಯದಕ್ಕೆ ಕೊಡುತ್ತದೆ; ಅದು ಫೋನಿನಲ್ಲಿ ಶಿವಮೊಗ್ಗಕ್ಕೆ ದಾಟಿಸುತ್ತದೆ. ಹಾಗೆ ನಡುವೆ ನಿಂತು ದಾಟಿಸುವುದಕ್ಕೆ ಪ್ರಾಕ್ಸಿ ಸರ್ವರ್ ಅಂತ ಹೆಸರಂತೆ. ನಾನು ಇಷ್ಟು ದಿನ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಇಷ್ಟು ಚಂದದ ಹೆಸರಿದೆ ಅಂತ ಗೊತ್ತೇ ಇರಲಿಲ್ಲ.

ತೂತು ಹೊಡೆಯೋಕೆ ಒಪ್ಪಿಗೆ ಬೇಕಲ್ಲ? ಸಣ್ಣಣ್ಣ ಎದೆ ಸೆಟೆಸಿ, "ಹೇಳು ಅವರಿಗೆ, ಗೋಡೆ ಇಬ್ಬರದ್ದು. ದಪ್ಪದಲ್ಲಿ ಅರ್ಧ ನನ್ನದು. ನನ್ನ ಅರ್ಧಕ್ಕೆ ನಾನು ತೂತು ಹೊಡಿತೀನಿ, ಯಾರನ್ನೂ ಕೇಳಬೇಕಾಗಿಲ್ಲ," ಅಂದರು.

ನಾನು ಸುತ್ತಿ ಹೋಗಿ, "ದೊಡ್ಡಣ್ಣ, ಅಣ್ಣನ ಆಶೀರ್ವಾದ ಇದ್ದರೆ ಒಂದು ಸಣ್ಣ ತೂತು ಹೊಡೆದು ನಿಮ್ಮ ಫೋನಿಗೆ ವೈರ್ ಎಳಿತೀನಿ ಅಂತಿದ್ದಾರೆ," ಅಂದೆ.

"ಆಶೀರ್ವಾದ ಅಂದನಾ?"

"ಅಂದರು."

"ನನಗೆ ಬೇರೆ ಏನೋ ಕೇಳಿಸ್ತು."

"ಪ್ಲೈವುಡ್ಡಿನಲ್ಲಿ ಹಾಯ್ದು ಬರುವಾಗ ಮಾತು ಒರಟಾಗ್ತದೆ ದೊಡ್ಡಣ್ಣ. ನಾನು ಸುತ್ತು ಹಾಕಿ ತಂದಿದ್ದೀನಿ, ಇದೇ ಅಸಲು."

ದೊಡ್ಡಣ್ಣ ಮೀಸೆಯೊಳಗೇ ಏನೋ ನುಂಗಿಕೊಂಡರು. "ಹೊಡ್ಕೊಳ್ಳಲಿ. ಅಪ್ಪನ ಫೋಟೋ ಮಾತ್ರ ಅಲುಗಬಾರದು," ಅಂದರು.

ಬಡಗಿ ಬಂದು ತೂತು ಹೊಡೆದು ಹೋದ. ಸರಿಯಾಗಿದೆಯೋ ಇಲ್ಲವೋ ಅಂತ ಸಣ್ಣಣ್ಣ ಬಗ್ಗಿ ಕಣ್ಣಿಟ್ಟು ನೋಡಿದರು. ಅದೇ ಹೊತ್ತಿಗೆ ದೊಡ್ಡಣ್ಣನೂ ಆ ಕಡೆಯಿಂದ ಕಣ್ಣಿಟ್ಟರು. ಕಣ್ಣಿಗೆ ಕಣ್ಣು ತಾಗಿದ ಹಾಗಾಗಿ ಇಬ್ಬರೂ ಚೇಳು ಕಡಿದವರಂತೆ ಹಿಂದಕ್ಕೆ ಹಾರಿದರು.

"ಹೇಳು ಅವರಿಗೆ, ಮರದ ಪುಡಿ ಬೀಳ್ತದೆ, ಕಣ್ಣು ಇಡಬಾರದು!"

"ಹೇಳು ಅವನಿಗೆ, ಅವನ ಕಣ್ಣೇ ಕೆಂಪಾಗೈತಿ! ನಂದಿಬಟ್ಟಲು ಹೂವಿನ ನೀರು ಬಿಟ್ಕೊಳ್ಳಲಿ!"

ಆ ಮಧ್ಯಾಹ್ನ ನಂದಿಬಟ್ಟಲು ಹುಡುಕಿಕೊಂಡು ಊರೆಲ್ಲ ಅಲೆದವನು ನಾನು. ಎರಡೂ ಕಡೆಗೆ ತರಬೇಕಾಯಿತು. ಪುಡಿ ದೊಡ್ಡಣ್ಣನ ಕಣ್ಣಿಗೂ ಬಿದ್ದಿತ್ತು.

೩. ಹೆಸರು ಹಾಕಲ್ಲ

ವೈರ್ ಎಳೆದ ದಿನ ಎಂಜಿನಿಯರು, "ಎರಡು ಕಂಪ್ಯೂಟರಿಗೂ ಒಂದೊಂದು ಹೆಸರಿಡಬೇಕು. ಏನಿಡಲಿ?" ಅಂದರು. ಯಜಮಾನರಿಬ್ಬರೂ ಊಟಕ್ಕೆ ಹೋಗಿದ್ದರು. ಕೇಳಿದ್ದು ನನ್ನನ್ನು. ನಾನೇನು ಸುಮ್ಮನಿರುವವನೇ? "ಆ ಕಡೆಯದಕ್ಕೆ ಅಣ್ಣ, ಈ ಕಡೆಯದಕ್ಕೆ ತಮ್ಮ," ಅಂದೆ. ಅವರು ಹಾಗೇ ಟೈಪ್ ಮಾಡಿದರು.

ಇನ್ನು ಟಪಾಲಿನ ಪ್ರೋಗ್ರಾಮು ಹೊಂದಿಸುವುದು. ಸರ್ವರ್ ಹೆಸರು ಅಂತ ಒಂದು ಖಾನೆ ಇರುತ್ತದೆ. ನೇರ ಫೋನ್ ಇದ್ದವರು ಅಲ್ಲಿ ದೂರದ ಸರ್ವರಿನ, ಅಂದರೆ ಟಪಾಲು ಹಂಚುವ ಶಿವಮೊಗ್ಗದ ಕಂಪ್ಯೂಟರಿನ ಹೆಸರು ಬರೆದರೆ ಮುಗಿಯಿತು. ನಾವು ಪ್ರಾಕ್ಸಿಯ ಗಿರಾಕಿಗಳು. ಅಲ್ಲಿ ಪಕ್ಕದ ಕಂಪ್ಯೂಟರಿನ ಹೆಸರು ಬರೆಯಬೇಕು. ದೂರದ ಸರ್ವರಿನ ಹೆಸರನ್ನು ನಮ್ಮ ಹೆಸರಿಗೆ ಬಾಲದ ಹಾಗೆ ಅಂಟಿಸಬೇಕು. ಟಪಾಲು ಮೊದಲು ಪಕ್ಕದವರ ಕೈಗೆ. ಬಾಲ ನೋಡಿ ಅವರು ಮುಂದಕ್ಕೆ ಕಳಿಸುತ್ತಾರೆ. ಎಂಜಿನಿಯರು ಇಷ್ಟು ಹೇಳಿಕೊಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಓಡಿದರು.

ಸಣ್ಣಣ್ಣ ಊಟ ಮುಗಿಸಿ ಬಂದು ಖಾನೆ ನೋಡಿದರು. ಅಲ್ಲಿ ‘ಅಣ್ಣ’ ಅಂತ ಕೂತಿತ್ತು.

"ಇದೇನೋ ಇದು?"

"ಸರ್ವರ್ ಹೆಸರು ಸಣ್ಣಣ್ಣ."

"ನನ್ನ ಟಪಾಲು ಅವರ ಕೈಗೆ ಕೊಡೋದೇ ಹೆಚ್ಚು. ಅದೂ ಅವರನ್ನ ಅಣ್ಣಾ ಅಂತ ಕರೆದು? ಆಗಲ್ಲ, ಅವರ ಹೆಸರು ನನ್ನ ಕಂಪ್ಯೂಟರಿನಲ್ಲಿ ಹಾಕಲ್ಲ," ಅಂತ ಅಳಿಸಿ ದೂರದ ಸರ್ವರಿನ ಹೆಸರನ್ನೇ ನೇರವಾಗಿ ಹೊಡೆದರು. ಪ್ರೋಗ್ರಾಮು ಹುಡುಕಿತು, ಹುಡುಕಿತು, ಸಿಗಲಿಲ್ಲ ಅಂದಿತು. ಮತ್ತೆ ಹೊಡೆದರು. ಮತ್ತೆ ಸಿಗಲಿಲ್ಲ.

ಸಂಜೆ ಎಂಜಿನಿಯರು ಶಿವಮೊಗ್ಗ ಮುಟ್ಟಿದ ಮೇಲೆ ಅವರನ್ನು ಕೇಳೋಣ ಅಂದರೆ ಫೋನ್ ಮಾಡಬೇಕು. ಫೋನ್ ಇರುವುದು ಆ ಕಡೆ. ನಾನು ಹೋಗಿ ರಿಸೀವರ್ ಹಿಡಿದು ನಿಂತೆ. ಎಂಜಿನಿಯರು ನನಗೆ ಹೇಳುವರು. ನಾನು ಗೋಡೆಗೆ ಕೂಗುವೆನು. ಸಣ್ಣಣ್ಣ ಅಲ್ಲಿಂದ ಉತ್ತರ ಕೂಗುವರು. ನಾನು ಫೋನಿಗೆ ಹೇಳುವೆನು.

"ಖಾನೆಯಲ್ಲಿ ಪಕ್ಕದ ಕಂಪ್ಯೂಟರ್ ಹೆಸರು ಇದೆಯಾ ಕೇಳು," ಅಂದರು ಎಂಜಿನಿಯರು.

"ಇದೆ ಅಂತ ಹೇಳು!" ಅಂತ ಕೂಗಿದರು ಸಣ್ಣಣ್ಣ.

ಅದುವರೆಗೆ ಬಿಲ್ ಬರೆಯುತ್ತಿದ್ದ ದೊಡ್ಡಣ್ಣ ಪೆನ್ನು ಕೆಳಗಿಟ್ಟು, "ಸುಳ್ಳು ಹೇಳ್ತಾನೆ," ಅಂದರು. "ಸಣ್ಣವನಿದ್ದಾಗಲೂ ಸುಳ್ಳು ಹೇಳುವಾಗ ಹಿಂಗೇ ಜೋರಾಗಿ ಕೂಗ್ತಿದ್ದ."

ಮಾರನೇ ದಿನ ಸಣ್ಣಣ್ಣ ಅಂಗಡಿಗೆ ಬರುವ ಮೊದಲೇ ನಾನು ‘ಅಣ್ಣ’ ಹಾಕಿ, ಬಾಲ ಅಂಟಿಸಿ, ಎಂಜಿನಿಯರಿಗೆ ಒಂದು ಟಪಾಲು ಬಿಟ್ಟೆ. ಸಣ್ಣಣ್ಣ ಬರುವಷ್ಟರಲ್ಲಿ ಉತ್ತರವೂ ಬಂದು ಕೂತಿತ್ತು. ಅವರು ಕುಣಿಯುವುದೊಂದು ಬಾಕಿ. "ನೋಡಿದ್ಯಾ? ನಾನು ಹೇಳಿದ ಹಾಗೆ ಮಾಡಿದರೆ ಯಾಕೆ ಆಗಲ್ಲ?" ಅಂತ ಖಾನೆ ತೆರೆದು ನೋಡಿದರು. ‘ಅಣ್ಣ’. ಮೌಸಿನ ಬಾಣ ಆ ಹೆಸರಿನ ಮೇಲೆ ಹೋಗಿ ನಿಂತಿತು. ಅಳಿಸಿದರೆ ಮತ್ತೆ ಹೊಡೆಯೋಣ ಅಂತ ನಾನು ಕೀಬೋರ್ಡಿನ ಹತ್ತಿರ ಸರಿದೆ.

"ಸೇವ್ ಮಾಡಿದ್ಯಾ?" ಅಂದರು.

"ಮಾಡಿದ್ದೀನಿ."

"ಹೂಂ. ಕರೆಂಟ್ ಹೋದರೆ ಹೋಗಿಬಿಡ್ತದೆ. ಇನ್ನೊಂದು ಸಲ ಮಾಡು," ಅಂದರು ಮೆಲ್ಲಗೆ.

ಒಂದು ಬೆಳಿಗ್ಗೆ ದೊಡ್ಡಣ್ಣ ತಮ್ಮ ಕಡೆಯ ಕಂಪ್ಯೂಟರ್ ಹಚ್ಚುವುದು ತಡವಾಯಿತು. ನಮ್ಮ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. "ಏನಂತೆ?" ಅಂದರು ಸಣ್ಣಣ್ಣ. ನಾನು ಓದಿ ಹೇಳಿದೆ: "ಅಣ್ಣ ಸಿಗ್ತಾ ಇಲ್ಲವಂತೆ."

ಗೋಡೆಯಾಚೆ ಷಟರ್ ಎತ್ತಿದ ಸದ್ದು, ಅದರ ಹಿಂದೆಯೇ ಕೂಗು ಬಂತು: "ಚಾ ಕುಡಿಯೋಕೆ ಹೋಗಿದ್ದೆ ಅಂತ ಹೇಳೋ ಆ ಕಂಪ್ಯೂಟರಿಗೆ! ಎಲ್ಲೂ ಓಡಿ ಹೋಗಿಲ್ಲ!"

೪. ಮಗು ಅಳ್ತಿದೆ

ಫೋನ್ ಲೈನ್ ಒಂದೇ, ಗಿರಾಕಿಗಳು ಇಬ್ಬರು: ದೊಡ್ಡಣ್ಣನ ಎಸ್‌ಟಿಡಿ, ಸಣ್ಣಣ್ಣನ ಟಪಾಲು. ಮೋಡೆಮ್ ಹಚ್ಚುವ ಮೊದಲು ನಾನು "ಲೈನ್!" ಅಂತ ಕೂಗಬೇಕು, ಆಗ ಬೂತಿನಲ್ಲಿ ಯಾರೂ ರಿಸೀವರ್ ಎತ್ತಬಾರದು ಅಂತ ಕರಾರು.

ಒಂದು ಸಂತೆಯ ದಿನ ಹಳ್ಳಿಯಿಂದ ಒಬ್ಬ ಅಜ್ಜಿ ಬಂದಿದ್ದರು. ದಾವಣಗೆರೆಯಲ್ಲಿದ್ದ ಅವರ ಮಗಳು ಹೆತ್ತಿದ್ದಳು. ಮಗಳ ಜೊತೆ ಮಾತಾಡಬೇಕು ಅಂತ ದೊಡ್ಡಣ್ಣನ ಕೈಗೆ ನಂಬರಿನ ಚೀಟಿ ಕೊಟ್ಟು ಗಾಜಿನ ಗೂಡಿನೊಳಗೆ ಕೂತರು. ನಾನು "ಲೈನ್!" ಅಂದೆ. ದೊಡ್ಡಣ್ಣ ನಂಬರ್ ಒತ್ತದೆ ಸುಮ್ಮನಾದರು. ಅಜ್ಜಿಗೆ ಕರಾರು ಗೊತ್ತಿಲ್ಲವಲ್ಲ, ತಾವೇ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರು. ಆಗ ಮೋಡೆಮ್ ಶಿವಮೊಗ್ಗದ ಜೊತೆ ಕೀ... ಕೊಂಯ್... ಕೀ... ಅಂತ ಮಾತಿಗೆ ತೊಡಗಿತ್ತು.

"ಅಯ್ಯೋ ಕೂಸು ಅಳ್ತಾ ಐತಲ್ಲೇ!" ಅಂದರು ಅಜ್ಜಿ. "ಎತ್ಕೊಳ್ಳೇ ಅದನ್ನ! ಹೊಟ್ಟೆನೋವೋ ಏನೋ, ಬಜೆ ತೇದು ನೆಕ್ಕಿಸು. ಅಳಬ್ಯಾಡ ನನ್ನ ಬಂಗಾರ, ಅಜ್ಜಿ ಬತ್ತೀನಿ, ಜೋ ಜೋ..."

ನಡುವೆ ರಿಸೀವರ್ ಎತ್ತಿದರೆ ಮೋಡೆಮ್ ಕೈಕೊಡುತ್ತದೆ. ಕೈಕೊಟ್ಟಿತು. ಕಿರುಚಾಟ ನಿಂತು ಎಲ್ಲ ಗಪ್‌ಚಿಪ್. ಅಜ್ಜಿಯ ಮುಖ ಅರಳಿತು. "ನೋಡ್ರೀ, ನನ್ನ ದನಿ ಕೇಳಿದ್ದೇ ಸುಮ್ಮನಾಯ್ತು!"

ಈ ಕಡೆ ಕಡಿದುಹೋದ ಟಪಾಲಿನ ಮುಂದೆ ಸಣ್ಣಣ್ಣ ಹಲ್ಲು ಕಡಿಯುತ್ತಿರಬೇಕು ಅಂತ ನೋಡಿದರೆ, ಅವರು ತೂತಿಗೆ ಕಿವಿ ಕೊಟ್ಟು ಕೂತಿದ್ದರು. "ಹೇಳು ಅವರಿಗೆ, ಮೊದಲು ಅಜ್ಜಿಗೆ ಲೈನ್ ಕೊಡಲಿ. ನನ್ನದು ಆಮೇಲೆ ಹೋದರೂ ನಡೀತದೆ."

ದೊಡ್ಡಣ್ಣ ನಿಜವಾದ ನಂಬರ್ ಒತ್ತಿ ಕೊಟ್ಟರು. ಆ ಕಡೆಯಿಂದ ಮಗಳು, ಮಗು ಈಗಷ್ಟೇ ಮಲಗಿತು ಅಂದಳಂತೆ.

"ಗೊತ್ತೇಳು!" ಅಂದರು ಅಜ್ಜಿ. "ನಾನೇ ಅಲ್ಲೇನು ಮಲಗಿಸಿದ್ದು?"

೫. ಬೆಕ್ಕು

ಶನಿವಾರ ನಾನು ಸೊರಬಕ್ಕೆ ಬರುವುದು. ಬಂದ ಕೂಡಲೇ ಅಕ್ಕನ ಮನೆಯ ಜಗಲಿ, ಅಲ್ಲಿಂದ ಒಲೆಯ ಮುಂದೆ. ಅಕ್ಕ ದೋಸೆ ಹಾಕುತ್ತಾ ಒಂದೇ ಪ್ರಶ್ನೆ ಕೇಳುವರು: "ಮಾತಾಡಿದ್ರಾ?"

"ಇಲ್ಲಕ್ಕ."

ದೋಸೆಯ ಮೇಲೆ ಬೀಳಬೇಕಿದ್ದ ಬೆಣ್ಣೆ ಮತ್ತೆ ಪಾತ್ರೆಗೆ ಹೋಗುವುದು.

ಆ ಶನಿವಾರ ಬೆಣ್ಣೆ ಉಳಿಸಿಕೊಳ್ಳೋಣ ಅಂತ ಪ್ರಾಕ್ಸಿಯ ವಿಷಯ ತೆಗೆದೆ. ನೇರವಾಗಿ ಸಿಗದವರ ಹತ್ತಿರ ನಡುವೆ ಒಂದನ್ನು ನಿಲ್ಲಿಸಿ ಮಾತಾಡುವುದು, ಎಂಥಾ ವಿದ್ಯೆ ಅಂತ ಹೊಗಳಿದೆ. ಅಕ್ಕ ಸಟ್ಟುಗ ಎತ್ತಿ ನಕ್ಕರು.

"ಎಂತ ಮಹಾ ವಿದ್ಯೆ ಅದು? ನಾನು ಮದುವೆಯಾಗಿ ಬಂದಾಗ ಮಾವನ ಎದುರು ಬಾಯಿ ತೆಗಿತಿರಲಿಲ್ಲ. ಬೆಕ್ಕಿಗೆ ಹೇಳ್ತಿದ್ದೆ. ‘ಬೆಕ್ಕೇ, ಸ್ನಾನಕ್ಕೆ ನೀರು ಕಾದದೆ.’ ಮಾವನೂ ಬೆಕ್ಕಿಗೇ ಹೇಳ್ತಿದ್ರು. ‘ಬೆಕ್ಕೇ, ಸಾರಿಗೆ ಉಪ್ಪು ಸಾಲದು.’ ಹಾಗೇ ನಡೀತು ಸಂಸಾರ."

"ಬೆಕ್ಕು ಬೇಜಾರು ಮಾಡಿಕೊಳ್ಳಲಿಲ್ವಾ?"

"ಎಂತ ಬೇಜಾರು? ಎರಡು ಕಡೆಯಿಂದಲೂ ಹಾಲು ಅದಕ್ಕೆ. ಒಂದು ದಿನ ಸತ್ತುಹೋಯ್ತು ಪಾಪ. ನಾನು ಒಲೆ ಮುಂದೆ ಕೂತು ಅಳ್ತಿದ್ದೆ. ಮಾವ ಬಾಗಿಲಲ್ಲಿ ನಿಂತ್ರು. ಅವರಿಗೂ ಹೇಳೋಕೆ ಯಾರೂ ಇಲ್ಲ. ಕೊನೆಗೆ, ‘ಅಳಬೇಡ ಮಗಳೇ, ಬೇರೆ ಮರಿ ತರೋಣ,’ ಅಂದ್ರು. ಅವತ್ತೇ ಮೊದಲು ನನ್ನ ಹತ್ರ ಮಾತಾಡಿದ್ದು. ಅಲ್ಲಿಂದ ಅವರು ಹೋಗೋವರೆಗೂ ನನ್ನನ್ನ ಮಗಳೇ ಅಂತಲೇ ಕರೆದ್ರು."

ಹೆಂಚಿನ ಮೇಲೆ ದೋಸೆ ಸೀದುಹೋಯಿತು. ಇಬ್ಬರೂ ನೋಡಲಿಲ್ಲ.

"ಹಾಗಾದರೆ ನಾನು ಸಾಯಬೇಕಾ ಅಕ್ಕ?" ಅಂದೆ.

"ಸಾಯೋದೆಲ್ಲ ಬೇಡ ಮಾರಾಯ," ಅಂದರು ಅಕ್ಕ, ಸೀದ ದೋಸೆಯನ್ನು ನನ್ನ ತಟ್ಟೆಗೆ ಹಾಕುತ್ತಾ. "ಸ್ವಲ್ಪ ಕೆಟ್ಟು ನಿಲ್ಲು ಸಾಕು."

೬. ನಾಲ್ಕು ಮೂಲೆಗೂ ಅರಿಶಿನ

ಆಮೇಲೆ ನಮ್ಮ ಟಪಾಲು ಚೆನ್ನಾಗಿ ಓಡತೊಡಗಿತು. ಒಂದು ದಿನ ಊರಿನ ಹಿರಿಯ ಅಡಿಕೆ ವ್ಯಾಪಾರಿಯೊಬ್ಬರು ಬಂದರು, ರುಮಾಲು, ದೊಡ್ಡ ಹೊಟ್ಟೆ. ಮಗಳ ಮದುವೆಯ ಕರೆಯೋಲೆಯನ್ನು ಮುಂಬೈಯ ವ್ಯಾಪಾರಿಗೆ ಕಳಿಸಬೇಕಿತ್ತು. ಅವರು ಹೇಳಿದರು, ನಾನು ಟೈಪ್ ಮಾಡಿದೆ. ಇನ್ನೇನು ಕಳಿಸಬೇಕು, "ತಡಿಯೋ, ಅರಿಶಿನ ಹಚ್ಚದೆ ಲಗ್ನದ ಕಾಗದ ಕಳಿಸ್ತಾರೇನೋ?" ಅಂತ ಜೇಬಿನಿಂದ ಪೊಟ್ಟಣ ತೆಗೆದು, ನೀರಲ್ಲಿ ಕಲಸಿ, ಪರದೆಯ ನಾಲ್ಕು ಮೂಲೆಗೂ ಹಚ್ಚಿಬಿಟ್ಟರು. ಸಣ್ಣಣ್ಣ ತಲೆ ಮೇಲೆ ಕೈ ಇಟ್ಟುಕೊಂಡರು. ಆದರೆ ಹಿರಿಯರು, ಏನನ್ನುವುದು?

"ಇಲ್ಲಿಂದ ನೇರ ಮುಂಬೈಗೆ ಹೋಗ್ತದೇನು?" ಅಂತ ಕೇಳಿದರು.

"ಇಲ್ಲ ಯಜಮಾನ್ರೇ. ಮೊದಲು ಗೋಡೆಯಾಚೆ ದೊಡ್ಡಣ್ಣನ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಮುಂದಕ್ಕೆ."

"ಮತ್ತೆ ಮೊದಲೇ ಹೇಳಬಾರದಾ?" ಅಂತ ಅರಿಶಿನದ ಬಟ್ಟಲು ಹಿಡಿದು ಸುತ್ತಿ ಹೋಗಿ, ದೊಡ್ಡಣ್ಣನ ಪರದೆಯ ನಾಲ್ಕು ಮೂಲೆಗೂ ಹಚ್ಚಿದರು. ದೊಡ್ಡಣ್ಣ ತಬ್ಬಿಬ್ಬಾಗಿ ಎದ್ದು ನಿಂತು ಕಂಪ್ಯೂಟರಿಗೆ ಕೈಮುಗಿದರು.

ಹೋಗುವಾಗ ವ್ಯಾಪಾರಿಗಳು ಮೆಟ್ಟಿಲ ಮೇಲೆ ನಿಂತು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದರು. "ಮದುವೆಗೆ ಇಬ್ಬರೂ ಬರಬೇಕ್ರಪ್ಪಾ. ನಿಮ್ಮಪ್ಪನ ಅಂಗಡಿಯಲ್ಲೇ ನಾನು ನನ್ನ ಮದುವೆ ಬಟ್ಟೆ ತಗೊಂಡಿದ್ದು. ಕಾಗದ ಹೆಂಗೆ ನಿಮ್ಮಿಬ್ಬರ ಕೈಯಲ್ಲೂ ಹಾಯ್ದು ಹೋಯ್ತೋ, ನೀವೂ ಹಂಗೇ ಕೂಡಿ ಬರ್ರಿ," ಅಂದರು.

ಅವರು ಹೋದ ಮೇಲೆ ದೊಡ್ಡಣ್ಣ ಗೋಡೆಯಾಚೆಯಿಂದ ಮೆಲ್ಲಗೆ, "ಲೇ, ಕೇಳು ಅವನಿಗೆ. ಅರಿಶಿನ ಒರೆಸೋದೋ, ಹಂಗೇ ಬಿಡೋದೋ?" ಅಂದರು.

"ಮದುವೆ ಮುಗಿಯೋವರೆಗೂ ಬಿಡೋದು ಅಂತ ಹೇಳು," ಅಂದರು ಸಣ್ಣಣ್ಣ.

ಬಿಟ್ಟೆವು. ಒಂದು ವಾರ ನಮ್ಮಲ್ಲಿ ಬಂದ ಟಪಾಲೆಲ್ಲ ಲಗ್ನಪತ್ರಿಕೆಯ ಹಾಗೇ ಕಾಣುತ್ತಿತ್ತು. ಬ್ಯಾಂಕಿನ ನೋಟಿಸು ಕೂಡ.

೭. ಲಗೇಜು

ಪಂಚಮಿ ಹತ್ತಿರ ಬಂತು. ಸ್ವಲ್ಪ ಕೆಟ್ಟು ನಿಲ್ಲು ಅಂದಿದ್ದರಲ್ಲ ಅಕ್ಕ, ನಾನು ಪೂರ್ತಿ ಕೆಡೋಣ ಅಂತ ತೀರ್ಮಾನಿಸಿದೆ.

ಪ್ಲೈವುಡ್ಡಿಗೆ ಕೇಳದ ಜಾಗ ನೋಡಿ, ದೊಡ್ಡಣ್ಣ ಚಾ ಕುಡಿಯುವಾಗ ಕಿವಿಯಲ್ಲಿ ಹೇಳಿದೆ: "ನಾಳೆ ಬೆಳಿಗ್ಗೆ ಬಸ್ಸಿಗೆ ಸಣ್ಣಣ್ಣ ಸೊರಬಕ್ಕೆ ಹೋಗ್ತಾರಂತೆ. ಈ ಸಲ ಅಕ್ಕ ಒಪ್ಪಿದ್ದಾರಂತೆ."

"ಅವನೊಬ್ಬನ ಜೊತೆಗಾ? ನಾನು ಏನು ಸತ್ತಿದ್ದೀನಾ?" ಅಂದರು ದೊಡ್ಡಣ್ಣ. ಚಾ ಅರ್ಧಕ್ಕೇ ಬಿಟ್ಟು ಎದ್ದರು.

ಬೀದಿ ನಲ್ಲಿಯ ಹತ್ತಿರ ಸಣ್ಣಣ್ಣನಿಗೂ ಅದನ್ನೇ ಹೇಳಿದೆ, ಹೆಸರು ಮಾತ್ರ ಬದಲಿಸಿ. ಅವರು ಕೊಡ ತುಂಬಿ ಹರಿಯುತ್ತಿದ್ದರೂ ನೋಡದೆ, "ಅಕ್ಕ ನನಗೆ ಬರಲ್ಲ ಅಂದು ಅವರಿಗೆ ಬರ್ತೀನಿ ಅಂದಳಾ?" ಅಂದರು. ಆ ದನಿ ಕೇಳಿ ನನಗೇ ಪಾಪ ಅನ್ನಿಸಿತು. ಆದರೂ ಬಾಯಿ ಬಿಡಲಿಲ್ಲ. ಹಬ್ಬಕ್ಕೆ ರಜೆ ಅಂತ ಹೇಳಿ ಇಬ್ಬರ ಹತ್ತಿರವೂ ತಪ್ಪಿಸಿಕೊಂಡೆ.

ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಬಸ್ಸಿನ ಹಿಂದಿನ ಸೀಟಿಗೆ ಹೋಗಿ, ಟವೆಲು ಮುಸುಕು ಹಾಕಿ ಕೂತೆ. ದೊಡ್ಡಣ್ಣ ಬಂದರು, ಕೈಯಲ್ಲಿ ಹೂವಿನ ಪೊಟ್ಟಣ, ಹೊಸ ಸೀರೆಯ ಕವರು. ಕಿಟಕಿ ಹತ್ತಿರ ಕೂತರು. ಬಸ್ಸು ಹೊರಡುವಾಗ ಸಣ್ಣಣ್ಣ ಓಡಿ ಬಂದು ಹತ್ತಿದರು, ಕೈಯಲ್ಲಿ ಹೂವಿನ ಪೊಟ್ಟಣ, ಹೊಸ ಸೀರೆಯ ಕವರು. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಕವರನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಹಬ್ಬದ ರಶ್ಶು, ಖಾಲಿ ಇದ್ದದ್ದು ಒಂದೇ ಸೀಟು, ದೊಡ್ಡಣ್ಣನ ಪಕ್ಕದ್ದು. ಸಣ್ಣಣ್ಣ ಕಂಬಿ ಹಿಡಿದು ನಿಂತೇ ಇದ್ದರು.

"ಕೂತ್ಕೊಳ್ರೀ, ದಾರಿ ಬಿಡ್ರೀ," ಅಂತ ಕಂಡಕ್ಟರ್ ಹೆಗಲು ಹಿಡಿದು ಅವರನ್ನು ಕೂರಿಸಿದ. ಗೋಡೆ ಎದ್ದ ಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತದ್ದು ಅವತ್ತೇ.

ಸ್ವಲ್ಪ ದೂರ ಹೋದ ಮೇಲೆ ದೊಡ್ಡಣ್ಣ ಅತ್ತಿತ್ತ ನೋಡಿದರು. ನನ್ನನ್ನೇ ಹುಡುಕಿದ್ದು. ನಾನು ಮುಸುಕು ಇನ್ನಷ್ಟು ಎಳೆದುಕೊಂಡೆ. ಕೊನೆಗೆ ಅವರು, "ಕಂಡಕ್ಟ್ರೇ, ಇವರಿಗೆ ಹೇಳ್ರಿ, ಗಾಳಿ ತಣ್ಣಗೈತಿ, ಮಫ್ಲರ್ ಕಿವಿಗೆ ಸುತ್ಕೊಳ್ಳಲಿ. ಸಣ್ಣವರಿದ್ದಾಗಿನಿಂದಲೂ ಕಿವಿನೋವು ಇವರಿಗೆ," ಅಂದರು.

ಕಂಡಕ್ಟರ್ ಬಾಯಿ ಬಿಟ್ಟು ನೋಡಿ, "ರೀ, ಮಫ್ಲರ್ ಸುತ್ಕೊಳ್ಳಬೇಕಂತೆ," ಅಂದ.

ಸಣ್ಣಣ್ಣ ಮಫ್ಲರ್ ಸುತ್ತಿಕೊಳ್ಳುತ್ತಾ, "ಅವರಿಗೆ ಹೇಳ್ರಿ, ಸುತ್ಕೊಂಡೆ. ಅವರು ಬೆಳಿಗ್ಗೆ ಏನಾದರೂ ತಿಂದರಾ ಕೇಳ್ರಿ. ಖಾಲಿ ಹೊಟ್ಟೆಯಲ್ಲಿ ಬಸ್ ಹತ್ತಿದರೆ ಅವರಿಗೆ ತಲೆ ಸುತ್ತುತ್ತೆ," ಅಂದರು.

"ತಿಂದಿಲ್ಲ ಅಂತ ಹೇಳ್ರಿ."

"ಬಾಳೆಹಣ್ಣು ಐತೆ, ತಿನ್ನೋಕೆ ಹೇಳ್ರಿ."

ಬಾಳೆಹಣ್ಣು ಸಣ್ಣಣ್ಣನ ಕೈಯಿಂದ ಕಂಡಕ್ಟರನ ಕೈಗೆ, ಅಲ್ಲಿಂದ ದೊಡ್ಡಣ್ಣನ ಕೈಗೆ ಹೋಯಿತು. ಇಬ್ಬರ ಮೊಣಕೈಗಳೂ ಒಂದಕ್ಕೊಂದು ತಾಗಿಕೊಂಡೇ ಇದ್ದವು. ಸಿಪ್ಪೆ ಅದೇ ದಾರಿಯಲ್ಲಿ ವಾಪಸ್ಸು ಬಂದಾಗ ಕಂಡಕ್ಟರಿಗೆ ರೇಗಿತು.

"ಏನ್ರೀ ಇದು? ನಾನು ಟಿಕೆಟ್ ಹರೀಲೋ, ನಿಮ್ಮಿಬ್ಬರ ಮಾತು ಹೊರಲೋ? ಇನ್ನೊಂದು ಮಾತು ನನ್ನ ಮೇಲೆ ಹೇರಿದರೆ ಲಗೇಜ್ ಟಿಕೆಟ್ ಹಾಕ್ತೀನಿ ನೋಡ್ರಿ!"

ಇಡೀ ಬಸ್ಸು ನಕ್ಕಿತು. ಶಿರಾಳಕೊಪ್ಪ ದಾಟಿ ಸೊರಬ ಬರುವವರೆಗೆ ದೊಡ್ಡಣ್ಣ ಕಿಟಕಿ ನೋಡಿದರು, ಸಣ್ಣಣ್ಣ ಟಿಕೆಟ್ ಓದಿದರು.

ಸೊರಬದಲ್ಲಿ ಅವರು ಮುಂದಿನ ಬಾಗಿಲಲ್ಲಿ ಇಳಿದರೆ ನಾನು ಹಿಂದಿನ ಬಾಗಿಲಲ್ಲಿ ಹಾರಿ, ಸಂದಿಯಲ್ಲಿ ಓಡಿ, ಅಕ್ಕನ ಜಗಲಿಯ ಮೇಲೆ ಏನೂ ಗೊತ್ತಿಲ್ಲದವನ ಹಾಗೆ ಕೂತೆ. ಅಕ್ಕ ಒಳಗೆ ಎಳ್ಳುಂಡಿ ಕಟ್ಟುತ್ತಿದ್ದರು. ಹೆಜ್ಜೆ ಸದ್ದು ಕೇಳಿ ಬಾಗಿಲಿಗೆ ಬಂದರು. ಅಂಗಳದಲ್ಲಿ ಇಬ್ಬರು ತವರಿನವರು, ಒಂದೇ ತರದ ಎರಡು ಕವರು. ಅಕ್ಕನ ಕೈಯಲ್ಲಿದ್ದ ಉಂಡಿ ಒಡೆದು ಪುಡಿಯಾಯಿತು.

"ಇಬ್ಬರೂ ಕೂಡಿ ಬಂದ್ರಾ?" ಅಂದರು.

ದೊಡ್ಡಣ್ಣ ನನ್ನನ್ನು ನೋಡಿ ಜೀವ ಬಂದವರಂತೆ, "ಲೇ, ಇಲ್ಲೇ ಇದ್ದೀಯಾ? ಹೇಳೋ ಅವನಿಗೆ..." ಅಂತ ಶುರು ಮಾಡಿದರು.

ನಾನು ಅಕ್ಕನ ಮುಖ ನೋಡಿದೆ. ಒಂದು ಸಲ "ಮಿಯಾಂವ್" ಅಂದೆ. ಹಾಗೇ ಜಗಲಿಯ ಮೇಲೆ ಅಂಗಾತ ಬಿದ್ದು, ನಾಲಿಗೆ ಹೊರಚಾಚಿ, ಕೈಕಾಲು ಮೇಲೆತ್ತಿ ಸತ್ತುಹೋದೆ.

ನನ್ನ ಮೂಗಿನ ಮೇಲೆ ಒಂದು ನೊಣ ಬಂದು ಕೂತರೂ ನಾನು ಅಲುಗಲಿಲ್ಲ.

"ಅಣ್ಣಾ," ಅಂದರು ಸಣ್ಣಣ್ಣ ಗಾಬರಿಯಿಂದ, "ಇವನಿಗೆ ಏನಾಯ್ತು ಅಣ್ಣಾ?"

ದೊಡ್ಡಣ್ಣ ಬಗ್ಗಿ ನನ್ನ ಮೂಗಿನ ಮೇಲಿನ ನೊಣ ಓಡಿಸಿದರು.

"ಏನೂ ಆಗಿಲ್ಲ ಕಣೋ ತಮ್ಮಾ. ನಾಟಕ. ಇವನು ನನಗೆ ಹೇಳಿದ ಹಾಗೇ ನಿನಗೂ ಹೇಳಿದನೇನೋ, ಅಕ್ಕ ಒಪ್ಪಿದ್ದಾಳೆ ಅಂತ?"

"ಹೌದಣ್ಣಾ! ನೀನೊಬ್ಬನೇ ಹೋಗ್ತೀಯ ಅಂತ ಅಂದ!"

"ನನಗೆ ನೀನೊಬ್ಬನೇ ಅಂತ ಅಂದ!"

ಬಾಗಿಲಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ, ಮಲಗಿದ್ದ ನನಗೆ ಸರಿಯಾಗಿ ಕಾಣಲಿಲ್ಲ. ಅವರ ಕಾಲ ಬಳಿ ಒಂದು ಬ್ಯಾಗಿದ್ದದ್ದು ಮಾತ್ರ ಕಂಡಿತು. ಬಟ್ಟೆ ತುಂಬಿ, ಮೇಲೆ ಉಂಡಿಯ ಡಬ್ಬಿ ಇಟ್ಟು ಸಿದ್ಧವಾಗಿತ್ತು. ಆಮೇಲೆ ಗೊತ್ತಾಯಿತು, ಪ್ರತಿ ಪಂಚಮಿಗೂ ಅದನ್ನು ತುಂಬಿ ಮುಚ್ಚಿದ ಬಾಗಿಲ ಹಿಂದೆ ಇಟ್ಟುಕೊಂಡೇ ಕೂರುತ್ತಿದ್ದರಂತೆ.

"ಎರಡು ಬಿಟ್ಟರೆ ಎದ್ದು ಕೂರ್ತಾನೆ ನೋಡು," ಅಂದರು ದೊಡ್ಡಣ್ಣ.

"ಬಿಡಲಾ ಅಣ್ಣಾ?"

"ಒಂದು ನೀನು ಬಿಡು, ಒಂದು ನಾನು ಬಿಡ್ತೀನಿ."

ಅವತ್ತು ನಾನು ಎದ್ದು ಓಡುವಷ್ಟರಲ್ಲಿ ಬೆನ್ನಿಗೆ ಬಿದ್ದ ಎರಡೂ ಗುದ್ದು ನೇರವಾಗಿಯೇ ಬಂದವು. ನಡುವೆ ಯಾವ ಪ್ರಾಕ್ಸಿಯೂ ಇರಲಿಲ್ಲ.